ತಾಂಬೂಲವೂ ಹೊಗೆಸೊಪ್ಪೂ

ತಾಂಬೂಲಕ್ಕೆ ಹೊಗೆಸೊಪ್ಪನ್ನು ಕೂಡಿಸಿ ಮೆಲ್ಲುವುದು ಪುಲಿಗೆರೆಯ ಸೀಮೆಯಲ್ಲಿ ಅನಾದಿಕಾಲದ ರೂಢಿಯೆಂದು ಎಣಿಸುವುದುಂಟು. ಅದು ನಿಲ್ಲತಕ್ಕ ಮಾತಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (1129ರ ಸುಮಾರು) ತಾಂಬೂಲಭೋಗವು ವಿಸ್ತಾರವಾಗಿ ವರ್ಣಿತವಾಗಿದೆ; ಪುಲಿಗೆರೆ ಮುನ್ನೂರು ಅಂದು ಆ ಅರಸನ ಆಳಿಕೆಗೆ ಒಳಪಟ್ಟಿದ್ದಿತು. ಅಲ್ಲಿ ಅಡಕೆ, ಎಲೆ, ಸುಣ್ಣ, ಕರ್ಪೂರಗಳುಂಟು; ಹೊಗೆಸೊಪ್ಪಿಲ್ಲ, ಇರುವಂತೆಯೂ ಇಲ್ಲ. ಅದು ಅಮೇರಿಕದ ಗಿಡ. ಪೋರ್ತುಗೀಜರು ಪಶ್ಚಿಮ ಕರಾವಳಿಗೆ ಬಂದ ತರುವಾಯವೇ ಈ ನಾಡಿಗೆ ಬಂದುದು.

ಅಕ್ಬರನ ರಾಯಭಾರಿ ಅಸದ್ ಬೇಗನು 1604ರ ಸುಮಾರಿನಲ್ಲಿ ಅದನ್ನು ಬಿಜಾಪುರದಲ್ಲಿ ಕಂಡು, ರತ್ನಖಚಿತವಾದ ಹುಕ್ಕದೊಡನೆ ಆಗ್ರಾಕ್ಕೆ ಒಯ್ದನು. ಗುಣದೋಷಗಳನ್ನು ಪರೀಕ್ಷಿಸದ ವಸ್ತುವನ್ನು ಪ್ರಭುವು ಸೇವಿಸಲಾಗದೆಂದು ಆಸ್ಥಾನದ ವೈದ್ಯನು ತಡೆದನು. ಅಸದನು ಯೂರೋಪಿನವರ ಬಳಕೆಯನ್ನೇ ಪ್ರಮಾಣವಾಗಿ ಮುಂದಿಟ್ಟನು! 1617ರಲ್ಲಿ ಜಹಾಂಗೀರನು ಹೊರಡಿಸಿದ ನಿಷೇಧವೂ ಫಲಿಸಲಿಲ್ಲ. ಲಕ್ಷ್ಮೇಶ್ವರವು ಆಗ ಆದಿಲಶಾಹಿಗೆ ಸೇರಿದ್ದುದರಿಂದ, ಈ ಸೀಮೆಗೆ ಹೊಗೆಸೊಪ್ಪು ಬಿಜಾಪುರದ ದಾರಿಯಿಂದಲೇ ಬಂದಿರಬೇಕೆಂದು ಊಹಿಸಬಹುದು. ಹೊಗೆಯಾಗಿ ಬಂದುದು ಎಲೆಯಡಕೆಯೊಳಗೆ ಸೇರಿ, ಅದರ ಮರ್ಯಾದೆಯನ್ನೂ ಪಡೆಯಿತು.

ಆ ವೈದ್ಯನ ಶಂಕೆಗೆ ಉತ್ತರ ದೊರೆತುದು ಬಹು ತಡವಾಗಿ. ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಕೂಡಿದ ತಾಂಬೂಲವನ್ನೂ, 2004ರಲ್ಲಿ ಅದಿಲ್ಲದ ತಾಂಬೂಲವನ್ನೂ ಬರಿಯ ಅಡಕೆಯನ್ನೂ ಅರ್ಬುದಕಾರಿಯೆಂದು ಪ್ರಕಟಿಸಿತು. ಅಂದಮೇಲೆ ಹೊಗೆಸೊಪ್ಪನ್ನು ಕಳೆದ ಮಾತ್ರಕ್ಕೆ ಸೋಮೇಶ್ವರನ ತಾಂಬೂಲವೂ ನಿರ್ದೋಷವೆನಿಸದು.