ಅಕ್ವೇರಿಯಂ ಫಿಲ್ಟರ್‌ನಲ್ಲಿ ಕಡಲಪಾಚಿ ಬೆಳೆಸಿದರೆ ನೀರು ಬದಲಿಸುವುದೇ ಬೇಡವೇ?

ಸಂಕ್ಷಿಪ್ತವಾಗಿ

ಪ್ರತಿಪಾದನೆ: ಉಪ್ಪುನೀರಿನ ಅಕ್ವೇರಿಯಂನ ಫಿಲ್ಟರ್‌ಗೆ ಕಡಲಪಾಚಿಯ ಒಂದು ಖಾನೆ ಸೇರಿಸಿದರೆ ನೀರು ತಾನಾಗಿಯೇ ಶುದ್ಧವಾಗುತ್ತದೆ, ಬದಲಿಸುವ ಗೊಡವೆಯೇ ಇಲ್ಲ.

ನಮ್ಮ ತೀರ್ಮಾನ: ಅರ್ಧ ಸತ್ಯ. ಪಾಚಿ ನೀರಿನ ನೈಟ್ರೇಟ್ ಹೀರುತ್ತದೆ, ನಿಜ. ಆದರೆ ಬೆಳೆದ ಪಾಚಿಯನ್ನು ಕಿತ್ತು ಹೊರಹಾಕಬೇಕು, ತೊಟ್ಟಿಗೆ ಸುರಿಯುವ ನೀರೂ ಒಳ್ಳೆಯದಿರಬೇಕು. ಬೋರ್ ನೀರನ್ನೇ ನಂಬಿರುವ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಈ ಎರಡನೇ ಮಾತು ಬಹಳ ಮುಖ್ಯ.

ರೆಫ್ಯೂಜಿಯಂ ಎಂದರೇನು?

ನಮ್ಮಲ್ಲಿ ಸಂಪ್ ಎಂದರೆ ಮನೆ ಮುಂದಿನ ನೆಲದಡಿಯ ನೀರಿನ ತೊಟ್ಟಿ. ದೊಡ್ಡ ಅಕ್ವೇರಿಯಂಗಳ ಕೆಳಗೆ ಇಡುವ ಫಿಲ್ಟರ್ ತೊಟ್ಟಿಗೂ ಸಂಪ್ ಎಂದೇ ಹೆಸರು. ಮೇಲಿನ ತೊಟ್ಟಿಯ ನೀರು ಪೈಪಿನಲ್ಲಿ ಇದಕ್ಕೆ ಇಳಿಯುತ್ತದೆ, ಸೋಸಿದ ಮೇಲೆ ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಈ ಸಂಪ್‌ನಲ್ಲಿ ಒಂದು ಖಾನೆ ಬಿಟ್ಟು, ದೀಪ ಹಾಕಿ, ಕಡಲಪಾಚಿ ಬೆಳೆಸಿದರೆ ಅದೇ ರೆಫ್ಯೂಜಿಯಂ.

ಲ್ಯಾಟಿನ್ ಭಾಷೆಯ ಈ ಪದಕ್ಕೆ 'ಆಶ್ರಯ ತಾಣ' ಎಂದರ್ಥ. ಮೀನುಗಳು ತಿಂದು ಮುಗಿಸುವ ಕೋಪೆಪಾಡ್‌ನಂಥ ಸಣ್ಣ ಜೀವಿಗಳು ಇಲ್ಲಿ ನಿಶ್ಚಿಂತೆಯಿಂದ ಹೆಚ್ಚುತ್ತವೆ. ನೀರಿನೊಂದಿಗೆ ಮೇಲೆ ಹೋದವು ಮೀನಿಗೆ ಆಹಾರವಾಗುತ್ತವೆ. ಹೆಚ್ಚಾಗಿ ಬಳಸುವ ಪಾಚಿ ಕೀಟೊಮಾರ್ಫಾ. ನೋಡಲು ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯಂತೆ ಇರುತ್ತದೆ.

ಪಾಚಿ ನೀರನ್ನು ಹೇಗೆ ಶುದ್ಧ ಮಾಡುತ್ತದೆ?

ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಫಿಲ್ಟರ್‌ನ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಸಾಮಾನ್ಯ ಫಿಲ್ಟರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಹಾಗಾಗಿ ನೈಟ್ರೇಟ್ ದಿನದಿನಕ್ಕೆ ಏರುತ್ತಲೇ ಇರುತ್ತದೆ.

ಪಾಚಿಗೆ ಇದೇ ನೈಟ್ರೇಟ್, ಫಾಸ್ಫೇಟ್ ಗೊಬ್ಬರ. ಆದರೆ ಅದು ಬೆಳೆದ ಮಾತ್ರಕ್ಕೆ ಕೊಳೆ ತೊಟ್ಟಿಯಿಂದ ಹೊರಗೆ ಹೋದಂತಲ್ಲ. ತೊಗರಿ ಬೆಳೆದವರಿಗೆ ಇದು ಗೊತ್ತು: ಬೆಳೆ ಕೊಯ್ದು ಒಯ್ದಾಗ ನೆಲದ ಸಾರ ಹೊಲ ಬಿಡುತ್ತದೆ, ಅಲ್ಲೇ ಕೊಳೆತರೆ ಮಣ್ಣಿಗೇ ಮರಳುತ್ತದೆ. ಪಾಚಿಯೂ ಹಾಗೆ. ಆಗಾಗ ಒಂದು ಭಾಗ ಕಿತ್ತು ಎಸೆಯದಿದ್ದರೆ ಅದು ಸತ್ತು ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಬಿಡುತ್ತದೆ.

ರಾತ್ರಿ ಮೇಲಿನ ತೊಟ್ಟಿಯ ದೀಪ ಆರಿದಾಗ ಕೆಳಗಿನ ದೀಪ ಹಚ್ಚುವುದು ವಾಡಿಕೆ. ಬೆಳಕಿದ್ದರೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ರಾತ್ರಿ ಹೊತ್ತು ನೀರಿನ ಪಿಎಚ್ ಅಷ್ಟಾಗಿ ಕುಸಿಯುವುದಿಲ್ಲ.

ಹಾಗಾದರೆ ನೀರು ಬದಲಿಸಬೇಕೇ?

ಬೇಕು. ಸ್ವಲ್ಪ ಕಡಿಮೆ ಸಲ ಬದಲಿಸಿದರೆ ಸಾಕಾಗಬಹುದು, ಅಷ್ಟೇ. ಪಾಚಿ ಎಲ್ಲ ಕೊಳೆಯನ್ನೂ ಹೀರುವುದಿಲ್ಲ. ಜೊತೆಗೆ ನೀರಿನಲ್ಲಿರುವ ಕಬ್ಬಿಣದಂಥ ಖನಿಜಗಳನ್ನು ತಾನೇ ಬಳಸಿ ಮುಗಿಸುತ್ತದೆ. ಹೊಸ ನೀರು ಹಾಕಿದಾಗ ಅವು ಮತ್ತೆ ಸಿಗುತ್ತವೆ.

ಬೋರ್ ನೀರು ಹಾಕಿದರೆ ಏನಾಗುತ್ತದೆ?

ಸುಣ್ಣಕಲ್ಲು, ಕರಿಕಲ್ಲಿನ ನೆಲವಿರುವ ಕಲಬುರಗಿ ಸೀಮೆಯಲ್ಲಿ ಬೋರ್ ನೀರು ಸಾಮಾನ್ಯವಾಗಿ ಗಡಸು. ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ನೈಟ್ರೇಟ್ ಮಿತಿ ಮೀರಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದೆ. ಹೊಲದ ರಸಗೊಬ್ಬರ, ತಿಪ್ಪೆ, ಚರಂಡಿ ನೀರು ನೆಲಕ್ಕಿಳಿಯುವುದು ಇದಕ್ಕೆ ಮುಖ್ಯ ಕಾರಣ.

ಒಂದು ಲೆಕ್ಕ ನೋಡಿ. 200 ಲೀಟರ್ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ 3 ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳೋಣ. ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ಬೋರ್ ನೀರನ್ನು ತಿಂಗಳಿಗೆ 90 ಲೀಟರ್ ತುಂಬಿಸಿದರೆ ತೊಟ್ಟಿಯ ನೈಟ್ರೇಟ್ ಲೀಟರಿಗೆ ಸುಮಾರು 20 ಮಿಲಿಗ್ರಾಂ ಏರುತ್ತದೆ. ಹವಳ ಸಾಕುವವರು ಒಟ್ಟು ನೈಟ್ರೇಟನ್ನೇ 10ರ ಒಳಗೆ ಇಡಲು ನೋಡುತ್ತಾರೆ. ಪಾಚಿ ಒಂದು ಕಡೆ ತೆಗೆಯುತ್ತದೆ, ನಾವು ಇನ್ನೊಂದು ಕಡೆ ಸುರಿಯುತ್ತೇವೆ. ಆದ್ದರಿಂದ ಉಪ್ಪುನೀರಿನ ತೊಟ್ಟಿಗೆ ಆರ್‌ಒ ನೀರೇ ಸರಿ.

ಅಡುಗೆ ಉಪ್ಪು ನಡೆಯುತ್ತದೆಯೇ?

ಇಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್. ಸಮುದ್ರದ ಮೀನಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಕೂಡ ಬೇಕು. ಅಕ್ವೇರಿಯಂಗೆಂದೇ ಮಾರುವ ಮರೀನ್ ಸಾಲ್ಟ್ ಬಳಸಿ.

ಶುರು ಮಾಡುವ ಮುನ್ನ

* ಕರೆಂಟ್ ಹೋದಾಗ ಮೇಲಿನ ನೀರು ಕೆಳಗಿಳಿಯುತ್ತದೆ. ಸಂಪ್‌ನಲ್ಲಿ ಅದಕ್ಕೆ ಜಾಗ ಬಿಡಿ, ಇಲ್ಲವಾದರೆ ಮನೆ ತುಂಬ ಉಪ್ಪುನೀರು. ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.
* ಇಂಥ ತೊಟ್ಟಿಯ ನೀರು ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಇರಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಂಪು ಮಾಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.
* ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಕೆಲವು ವಾರ ಬೇಕು. ಅವಸರದಲ್ಲಿ ಮೀನು ಬಿಟ್ಟರೆ ಸಾಯುತ್ತವೆ.
* ಭಾರತದ ಕಡಲಿನ ಹವಳ, ಸಮುದ್ರಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ಮಾರುವುದು ಅಪರಾಧ.

ಇಷ್ಟೆಲ್ಲ ಕಷ್ಟ ಎನಿಸಿದರೆ ಸಿಹಿನೀರಿನ ಅಕ್ವೇರಿಯಂ ಸಾಕು. ಮನಿ ಪ್ಲಾಂಟ್‌ನ ಬೇರು ಮಾತ್ರ ನೀರಿನಲ್ಲಿ ಮುಳುಗುವಂತೆ ಇಟ್ಟರೆ ಅದೂ ನೈಟ್ರೇಟ್ ಹೀರುತ್ತದೆ.

ಕುಡಿಯುವ ನೀರಿಗೆ ಈ ಉಪಾಯ ಬೇಡ

ಗಿಡ ನೀರನ್ನು ಶುದ್ಧ ಮಾಡುತ್ತದೆ, ಮೀನು ಬದುಕಿದ್ದರೆ ನೀರು ಕುಡಿಯಬಹುದು ಎಂಬ ನಂಬಿಕೆ ಹಲವರಲ್ಲಿದೆ. ಇದು ಅಪಾಯಕಾರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿದ್ದರೂ ಎಷ್ಟೋ ಸಿಹಿನೀರಿನ ಮೀನುಗಳು ಬದುಕುತ್ತವೆ. ಆದರೆ ಆ ನೀರಿನಲ್ಲಿ ಕಲಸಿದ ಪುಡಿಹಾಲು ಕುಡಿದ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಿ, ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ.

ಟಿಡಿಎಸ್ ಮೀಟರ್ ಒಟ್ಟು ಲವಣವನ್ನಷ್ಟೇ ತೋರಿಸುತ್ತದೆ, ನೈಟ್ರೇಟ್ ಎಷ್ಟೆಂದು ಹೇಳುವುದಿಲ್ಲ. ಮನೆಯ ಬೋರ್ ನೀರಿನ ಬಗ್ಗೆ ಅನುಮಾನವಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಎಳೆಗೂಸು ಇರುವ ಮನೆಯವರು ಇದನ್ನು ಮುಂದೂಡಬಾರದು.

ಕೊನೆಯ ಮಾತು

ರೆಫ್ಯೂಜಿಯಂ ಒಳ್ಳೆಯ ಸಹಾಯಕ, ಪವಾಡವಲ್ಲ. "ನೀರು ಬದಲಿಸಲೇಬೇಡಿ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಪಾಚಿಯನ್ನು ಕಿತ್ತು ತೆಗೆಯುವವರು ಯಾರು? ತೊಟ್ಟಿಗೆ ಸುರಿಯುವ ನೀರು ಎಲ್ಲಿಯದು?