ಎಳೆಯ ಬಸಿರಿನ ಚರಿತ್ರೆ

ಹನ್ನೊಂದನೆಯ ಶತಮಾನದ ಹಕೀಮ ಇಬ್ನ್ ಸೀನಾ ತನ್ನ 'ಅಲ್ ಕಾನೂನ್' ಎಂಬ ವೈದ್ಯಗ್ರಂಥದಲ್ಲಿ ಗರ್ಭ ತಡೆಯುವ ಉಪಾಯಗಳನ್ನು ವಿವರವಾಗಿ ಚರ್ಚಿಸಿದ್ದಾನೆ. ಯಾವ ಸಂದರ್ಭಗಳಲ್ಲಿ ವೈದ್ಯನಾದವನು ಗರ್ಭ ತಡೆಯಬೇಕಾದೀತು ಎಂದು ಹೇಳುವಾಗ ಗರ್ಭಕೋಶದ ಕಾಯಿಲೆ, ಮೂತ್ರಕೋಶದ ದೌರ್ಬಲ್ಯಗಳ ಜೊತೆಗೆ ಅವನು ಹೆರಿಗೆಯಲ್ಲಿ ಜೀವಕ್ಕೇ ಅಪಾಯವಾಗಬಹುದಾದ ಎಳೆಯ ಹುಡುಗಿಯನ್ನು ಹೆಸರಿಸುತ್ತಾನೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ, ದಂಪತಿಗಳು ಗರ್ಭವಾಗದಂತೆ ಎಚ್ಚರ ವಹಿಸುವ 'ಅಝ್ಲ್' ಕ್ರಮವನ್ನು ಪರಿಶೀಲಿಸಿ, ಹೆಂಡತಿಯ ಜೀವದ ರಕ್ಷಣೆ, ಹೆಚ್ಚು ಮಕ್ಕಳಿಂದಾಗುವ ಕಷ್ಟ ಮುಂತಾದ ಕಾರಣಗಳಿಗೆ ಅದು ಸಮ್ಮತವೆಂದು ಬರೆದರು. ಗರ್ಭನಿರೋಧದ ಮಾತೆಲ್ಲ ನಿನ್ನೆ ಮೊನ್ನೆ ವಿಲಾಯತಿಯಿಂದ ಬಂದದ್ದು ಎಂದು ಹೇಳುವವರು ಇಷ್ಟನ್ನಾದರೂ ನೆನಪಿಡಬೇಕು.

ಆದರೆ ಗ್ರಂಥದಲ್ಲಿದ್ದ ಈ ವಿವೇಕ ಮನೆಯೊಳಗೆ ಇಳಿಯಲಿಲ್ಲ. ಎಲ್ಲ ಜಾತಿ ಮತಗಳ ಮನೆಗಳಲ್ಲೂ ಹುಡುಗಿ ಮೈನೆರೆಯುವುದೇ ಮದುವೆಗೆ ಅರ್ಹತೆಯಾಯಿತು. ಕೆಲವೆಡೆ ಅದಕ್ಕೂ ಕಾಯಲಿಲ್ಲ. 1860ರ ಭಾರತೀಯ ದಂಡ ಸಂಹಿತೆ ಹತ್ತು ವರ್ಷ ದಾಟಿದ ಹೆಂಡತಿಯ ಮೇಲೆ ಗಂಡನಿಗೆ ಪೂರ್ತಿ ಹಕ್ಕಿದೆಯೆಂದು ಒಪ್ಪಿತ್ತು. ಹೀಗಾಗಿಯೇ ಕಲಕತ್ತೆಯ ಫೂಲ್‌ಮಣಿ ಎಂಬ ಹತ್ತು ಹನ್ನೊಂದರ ಬಾಲಕಿ ಗಂಡನ ಕೂಟದಿಂದ ಸತ್ತಾಗ ಅವನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. 1890ರಲ್ಲಿ ಅವನಿಗೆ ಸಿಕ್ಕಿದ್ದು ಒಂದು ವರ್ಷದ ಸಜೆ. ಆ ಮಗುವಿನ ಸಾವಿನಿಂದ ಎದ್ದ ಗದ್ದಲದಲ್ಲಿ 1891ರ ಕಾಯಿದೆ ಬಂತು. ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತು, ಅಷ್ಟೆ. ಅದಕ್ಕೂ ಧರ್ಮ ಕೆಟ್ಟಿತೆಂದು ಕೂಗೆದ್ದಿತ್ತು.

ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ತಂದಿತು. ದೇಶದಲ್ಲಿ ಇಂಥ ಕಾನೂನು ಮಾಡಿದವರಲ್ಲಿ ಮೈಸೂರು ಮೊದಲ ಸಾಲಿನಲ್ಲಿತ್ತು ಎಂಬುದು ಹೆಮ್ಮೆಯ ಸಂಗತಿ. ಅದು ಹೇಳಿದ್ದೇನು? ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದೂ ಅಪರಾಧ. ಒಂಬತ್ತರ ಹುಡುಗಿಗೆ ಮೂವತ್ತರ ಗಂಡ ಬಂದರೆ ಕಾನೂನು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆ ಕಾಲದ ಸುಧಾರಕರ ಕೈಗೆ ಎಟುಕಿದ್ದು ಅಷ್ಟೇ.

1929ರ ಸಾರ್ದಾ ಕಾಯಿದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ನಿಗದಿ ಮಾಡಿತು. ಮುಸ್ಲಿಮರ ವೈಯಕ್ತಿಕ ನಿಯಮಗಳಲ್ಲಿ ಕೈಯಾಡಿಸಿದಂತೆ ಎಂದು ಅನೇಕ ಉಲೇಮಾಗಳು ಅದನ್ನು ವಿರೋಧಿಸಿದರು. ಆದರೆ ಶಾಸನಸಭೆಯಲ್ಲಿ ಮಸೂದೆಯ ಪರವಾಗಿ ಮಾತನಾಡಿದವರಲ್ಲಿ ಜಿನ್ನಾ ಇದ್ದರು. ಹೊರಗೆ ಬಾಲ್ಯವಿವಾಹದ ವಿರುದ್ಧ ದುಡಿದವರಲ್ಲಿ ಬೇಗಂ ಶರೀಫಾ ಹಮೀದ್ ಅಲಿ ಇದ್ದರು. ವಿರೋಧಿಸಿದವರ ದನಿ ನಮಗೆ ನೆನಪಿದೆ, ಇವರ ದನಿ ಮರೆತುಹೋಗಿದೆ. ಹತ್ತು ವರ್ಷಗಳ ನಂತರ, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ ಇನ್ನೊಂದು ಬಾಗಿಲು ತೆರೆಯಿತು. ಹದಿನೈದು ತುಂಬುವ ಮೊದಲೇ ತಂದೆಯೋ ಪೋಷಕರೋ ಮಾಡಿದ ಮದುವೆಯನ್ನು, ದಾಂಪತ್ಯ ಶುರುವಾಗಿರದಿದ್ದರೆ, ಹದಿನೆಂಟರೊಳಗೆ ಹುಡುಗಿ ನಿರಾಕರಿಸಬಹುದು. ಫಿಕ್ಹ್‌ನಲ್ಲಿ ಮೊದಲೇ ಇದ್ದ 'ಖಿಯಾರುಲ್ ಬುಲೂಗ್' ಹಕ್ಕನ್ನು ಕಾನೂನು ಬಲಪಡಿಸಿತ್ತು. ಆದರೆ ಅಕ್ಷರ ಬಾರದ ಹುಡುಗಿಗೆ ತನಗೆ ಇಂಥದೊಂದು ಹಕ್ಕಿದೆಯೆಂದು ತಿಳಿಸುವವರು ಯಾರು?

ಈ ನಡುವೆ ಗರ್ಭನಿರೋಧದ ಮಾತು ಬೀದಿಗೆ ಬಂದಿತ್ತು. 1921ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದ ರಘುನಾಥ ಧೋಂಡೋ ಕರ್ವೆ ಈ ಕೆಲಸಕ್ಕಾಗಿ ಕಾಲೇಜಿನ ನೌಕರಿಯನ್ನೇ ಕಳೆದುಕೊಂಡರು. ಅವರ ಪತ್ರಿಕೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿದ್ದಾಗ ಅವರ ಪರ ವಾದಿಸಿದವರು ಡಾ. ಅಂಬೇಡ್ಕರ್. 1930ರಲ್ಲಿ ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿತು. ಒಂದು ಸರಕಾರವೇ ಮುಂದೆ ನಿಂತು ಇಂಥ ಕೆಲಸ ಮಾಡಿದ್ದು ಲೋಕದಲ್ಲೇ ಮೊದಲು ಎಂದು ಹೇಳುವುದುಂಟು. ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ದಿವಾನಗಿರಿಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್. ಮಿರ್ಜಾ ಎಂದರೆ ನಮಗೆ ಬೃಂದಾವನದ ಕಾರಂಜಿಗಳು ನೆನಪಾಗುತ್ತವೆ. ಈ ಆಜ್ಞೆಯೂ ನೆನಪಾಗಬೇಕು.

ಸ್ವಾತಂತ್ರ್ಯದ ನಂತರದ ಕತೆ ಇನ್ನೂ ಸೋಜಿಗದ್ದು. 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಸಲಕರಣೆ ಬೇಡ, ಋತುಚಕ್ರದ ದಿನ ಎಣಿಸುವ ವಿಧಾನ ಸಾಕು ಎಂದರು. ಅದರ ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ನಮ್ಮ ರಾಮನಗರವೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ಡಾ. ಅಬ್ರಹಾಂ ಸ್ಟೋನ್ ಓದು ಬಾರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಿಸಿದರು. ದಿನಕ್ಕೊಂದು ಮಣಿ ಸರಿಸುವುದು, ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಎಚ್ಚರ. ಕತ್ತಲಲ್ಲಿ ಬಣ್ಣ ಕಾಣಲಿಲ್ಲ. ಕೆಲವರು ಸರ ಧರಿಸಿದರೇ ಸಾಕು, ತಾಯಿತದಂತೆ ಕಾಯುತ್ತದೆ ಎಂದುಕೊಂಡರು. ಪ್ರಯೋಗ ಸೋತಿತು. ನಗುವವರು ಆ ಹೆಂಗಸರ ದಡ್ಡತನಕ್ಕೆ ನಕ್ಕರು. ಆದರೆ ತನ್ನ ದೇಹದೊಳಗೆ ಏನು ನಡೆಯುತ್ತದೆಂದು ಯಾರೂ ಎಂದೂ ಹೇಳಿಕೊಡದ ಹೆಣ್ಣಿಗೆ ಬರಿಯ ಮಣಿ ಕೊಟ್ಟರೆ ಅದು ತಾಯಿತವಲ್ಲದೆ ಇನ್ನೇನಾದೀತು? ತಿಳುವಳಿಕೆಯಿಲ್ಲದ ಸಾಧನ ಕೆಲಸಕ್ಕೆ ಬಾರದು ಎಂಬ ಪಾಠವನ್ನು ರಾಮನಗರ ಅಂದೇ ಕಲಿಸಿತ್ತು.

ಸರಕಾರ ಆ ಪಾಠ ಕಲಿಯಲಿಲ್ಲ. ಲೂಪು ಬಂತು, ಶಸ್ತ್ರಚಿಕಿತ್ಸೆಯ ಶಿಬಿರಗಳು ಬಂದವು, ಗುರಿ ಮುಟ್ಟುವ ಹಟ ಬಂತು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಾಯಿತು. ಬಡವರ, ಮುಸ್ಲಿಮರ ಮೊಹಲ್ಲಾಗಳಲ್ಲಿ ಆ ಬಲವಂತದ ಭಯ ಬಹುಕಾಲ ಉಳಿಯಿತು. ಅದಕ್ಕಿಂತ ದೊಡ್ಡ ಲೋಪವೊಂದಿತ್ತು. ಕಾರ್ಯಕ್ರಮದ ಕಣ್ಣಿದ್ದದ್ದು ಎರಡು ಮೂರು ಹೆತ್ತವಳ ಮೇಲೆ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ನೆಚ್ಚಿರುವುದು 'ಆಪರೇಷನ್' ಅನ್ನೇ. ಹದಿನಾರಕ್ಕೆ ಮದುವೆಯಾಗಿ, ಇನ್ನೆರಡು ವರ್ಷ ಮಗು ಬೇಡ ಅನ್ನುವ ಹುಡುಗಿಗೆ ಈ ಕಾರ್ಯಕ್ರಮದಲ್ಲಿ ಜಾಗವೇ ಇರಲಿಲ್ಲ. ಮೊದಲ ಬಸಿರನ್ನು ಮುಂದೂಡುವುದಕ್ಕೂ ಕೊನೆಯ ಬಸಿರನ್ನು ನಿಲ್ಲಿಸುವುದಕ್ಕೂ ಅಜಗಜಾಂತರವಿದೆ. ಇನ್ನೂ ಬೆಳೆಯುತ್ತಿರುವ ಮೈ ಬಸಿರನ್ನು ಹೊತ್ತಾಗ ರಕ್ತಹೀನತೆ, ನಂಜು, ಹೆರಿಗೆಯಲ್ಲಿ ಮಗು ಸಿಕ್ಕಿಕೊಳ್ಳುವುದು, ತೂಕವಿಲ್ಲದ ಕೂಸು, ಇವೆಲ್ಲ ಬೆನ್ನು ಹತ್ತುತ್ತವೆ.

ಹಾಗಾದರೆ ಈ ಬಸಿರುಗಳನ್ನು ತಡೆದದ್ದು ಯಾವುದು? 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನವರಲ್ಲಿ ಶೇ. 16 ಹುಡುಗಿಯರು ಆಗಲೇ ತಾಯಂದಿರೋ ಬಸುರಿಯರೋ ಆಗಿದ್ದರು. 2019-21ರ ಹೊತ್ತಿಗೆ ಅದು ಶೇ. 7ರ ಹತ್ತಿರಕ್ಕೆ ಇಳಿಯಿತು. ಅದೇ ಸಮೀಕ್ಷೆಯಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿ ಈ ಪ್ರಮಾಣ ಶೇ. 18, ಹನ್ನೆರಡನೆಯ ತರಗತಿ ಮುಗಿಸಿದವರಲ್ಲಿ ಶೇ. 4. ಬಡತನವೂ ಇದರಲ್ಲಿ ಸೇರಿದೆ, ನಿಜ. ಆದರೂ ಶಾಲೆಯಲ್ಲಿ ಉಳಿದ ಒಂದೊಂದು ವರ್ಷವೂ ಹುಡುಗಿಯ ಕಾವಲಿಗೆ ನಿಲ್ಲುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಶಾಲೆಗೆ ಕಳಿಸಿದರಷ್ಟೇ ಸಾಲದು, ಅಲ್ಲಿ ಹೇಳಬೇಕಾದ್ದನ್ನು ಹೇಳಬೇಕು. 2005ರಲ್ಲಿ ಕೇಂದ್ರ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರ ಹೊತ್ತಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದವು. ಸಂಸ್ಕೃತಿ ಕೆಡುತ್ತದೆ ಎಂಬ ಮಾತಿನಲ್ಲಿ ಮಠ, ಮಸೀದಿ, ಚರ್ಚುಗಳ ಮಡಿವಂತರು ಒಂದೇ ದನಿಯವರು. 1891ರಲ್ಲಿ ಕೇಳಿದ್ದೂ ಇದೇ ದನಿ.

ಇನ್ನು ಕಾನೂನು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ತಿದ್ದುಪಡಿ ತಂದು ಕರ್ನಾಟಕ ಇಂಥ ಮದುವೆಗಳನ್ನೇ ಅಸಿಂಧುವೆಂದಿತು. 2012ರ ಪೋಕ್ಸೋ ಕಾಯಿದೆ ಹದಿನೆಂಟರೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂದಿತು. ಎರಡೂ ಬೇಕಾದವೇ. ಆದರೆ ಕೇಸಾಗುತ್ತದೆಂಬ ಭಯಕ್ಕೆ ಬಸುರಿ ಹುಡುಗಿ ಆಸ್ಪತ್ರೆಯನ್ನೇ ತಪ್ಪಿಸಿಕೊಂಡರೆ ಅವಳ ಜೀವ ಕಾಯುವವರಾರು? 2022ರಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ಆಕೆಯ ಹೆಸರು ಹೇಳಬೇಕಿಲ್ಲ ಎಂದದ್ದು ಈ ಸಂಕಟ ತಿಳಿದೇ.

ಕುರ್‌ಆನಿನ ನಿಸಾ ಅಧ್ಯಾಯ, ಅನಾಥ ಮಕ್ಕಳ ಆಸ್ತಿಯನ್ನು ಅವರ ಕೈಗೊಪ್ಪಿಸುವ ಮೊದಲು ಅವರಲ್ಲಿ 'ರುಶ್ದ್', ಅಂದರೆ ವಿವೇಕ, ಬಲಿತಿದೆಯೇ ನೋಡಬೇಕೆಂದು ವಿಧಿಸುತ್ತದೆ. ನಾಲ್ಕು ಕಾಸಿನ ಆಸ್ತಿ ಒಪ್ಪಿಸಲು ವಿವೇಕ ಬಲಿಯಬೇಕಾದರೆ, ಒಂದು ಜೀವವನ್ನು ಹೊತ್ತು ಹೆತ್ತು ಸಾಕುವುದಕ್ಕೆ ಬೇಡವೇ? ನಮ್ಮ ಜಮಾತುಗಳು ನಿಕಾಹ್ ಪುಸ್ತಕದಲ್ಲಿ ರುಜು ಹಾಕಿಸುವ ಮುನ್ನ ಹುಡುಗಿಯ ವಯಸ್ಸಿನ ದಾಖಲೆ ಕೇಳಲಿ. ಹತ್ತನೆಯ ತರಗತಿ ಮುಗಿಸಿದವಳನ್ನು ಕಾಲೇಜಿಗೆ ಸೇರಿಸಲು ಆ ಮನೆಯವರ ಬೆನ್ನಿಗೆ ನಿಲ್ಲಲಿ. ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗಾಗಿಯೇ ಇವೆ. ತಾಯಂದಿರು ಮಕ್ಕಳಿಗೆ ಆ ದಾರಿಯನ್ನಾದರೂ ತೋರಿಸಲಿ.