ಗರ್ಭಕೋಶ ತೆಗೆಸುವ ಮುನ್ನ, ತೆಗೆಸಿದ ಮೇಲೆ

1813ರಲ್ಲಿ ಜರ್ಮನಿಯ ಕಾನ್ರಾಡ್ ಲಾಂಗೆನ್‌ಬೆಕ್ ಯೋನಿಮಾರ್ಗವಾಗಿ ಒಬ್ಬ ಹೆಂಗಸಿನ ಗರ್ಭಕೋಶ ತೆಗೆದರು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಆಕೆ ಬದುಕಿದಳು, ಆದರೆ ಜೊತೆಯ ವೈದ್ಯರು ನಂಬಲಿಲ್ಲ. ವರ್ಷಗಳ ನಂತರ ಆಕೆಯ ಶವಪರೀಕ್ಷೆಯೇ ಸಾಕ್ಷಿ ಹೇಳಬೇಕಾಯಿತು. 1843ರಲ್ಲಿ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಕ್ಲೇ ಹೊಟ್ಟೆ ಸೀಳಿ ಈ ಆಪರೇಷನ್ ಮಾಡಿದಾಗ ರೋಗಿ ಉಳಿಯಲಿಲ್ಲ. ಹಾಗೆ ಮಾಡಿಯೂ ರೋಗಿ ಉಳಿದದ್ದು 1853ರಲ್ಲಿ, ಅಮೆರಿಕದ ವಾಲ್ಟರ್ ಬರ್ನ್‌ಹ್ಯಾಮ್ ಕೈಯಲ್ಲಿ.

ಅಷ್ಟರಲ್ಲಿ ಅರಿವಳಿಕೆ ಬಂದಿತ್ತು; ಮುಂದೆ ಸೋಂಕು ತಡೆ, ರಕ್ತ ಕೊಡುವ ವ್ಯವಸ್ಥೆಯೂ ಬಂದವು. 1980ರ ದಶಕದ ಕೊನೆಗೆ ಹ್ಯಾರಿ ರೀಚ್ ಲ್ಯಾಪರೋಸ್ಕೋಪ್ ಬಳಸಿ, ಸಣ್ಣ ತೂತುಗಳ ಮೂಲಕವೇ ಕೆಲಸ ಮುಗಿಸಿದರು. ಈಗ ರೋಬಾಟ್ ಕೂಡ ಇದೆ. ವೈದ್ಯರ ಪುಸ್ತಕಗಳು ಈ ಸಾಹಸಗಳನ್ನೇ ಕೊಂಡಾಡುತ್ತವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆಪರೇಷನ್ನನ್ನೇ ತಪ್ಪಿಸಿದ ದಾರಿಗಳು: ಅತಿಸ್ರಾವ ತಗ್ಗಿಸಲು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಫೈಬ್ರಾಯ್ಡ್ ಗಡ್ಡೆಗೆ ರಕ್ತ ಹರಿಯದಂತೆ ಮಾಡುವ ಚಿಕಿತ್ಸೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆ. ಕ್ಯಾನ್ಸರ್ ಇದ್ದರೆ ಮಾತು ಬೇರೆ. ಗಡ್ಡೆಗೂ ಸ್ರಾವಕ್ಕೂ ಈಗ ಆಯ್ಕೆಗಳಿವೆ.

ನಮ್ಮಲ್ಲಿ ಆ ಆಯ್ಕೆಗಳು ಎಷ್ಟು ಜನರ ಕಿವಿಗೆ ಬೀಳುತ್ತವೆ? 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಮೂವರಿಗೆ ಗರ್ಭಕೋಶ ಇರಲಿಲ್ಲ. ಆಂಧ್ರ, ತೆಲಂಗಾಣಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಬಹುಪಾಲು ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿಯಲ್ಲಿ ಲಂಬಾಣಿ ತಾಂಡಾದ ಹೆಂಗಸರು ಬಿಳಿಸೆರಗು, ಹೊಟ್ಟೆನೋವು ಎಂದು ಹೋಗಿ ಗರ್ಭಚೀಲ ಕಳೆದುಕೊಂಡು ಬಂದದ್ದು ಹೋರಾಟಕ್ಕೂ ತನಿಖೆಗೂ ಕಾರಣವಾಯಿತು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವವರ ಕಥೆ ಇನ್ನೊಂದು ಬಗೆಯದು. ಒಂದು ದಿನ ಕೆಲಸ ತಪ್ಪಿದರೂ ದಂಡ. ಮುಟ್ಟಿನ ಕಾಟವೇ ಬೇಡವೆಂದು ಎಷ್ಟೋ ಹೆಂಗಸರು ತಾವೇ ಒಪ್ಪಿದರು. ಇದನ್ನು ಸ್ವಂತ ತೀರ್ಮಾನ ಎನ್ನಲು ನನಗೆ ಮನಸ್ಸು ಬಾರದು. ಡಾ. ನರೇಂದ್ರ ಗುಪ್ತಾ ಹೂಡಿದ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದಿತು.

ಚೇತರಿಕೆಯ ತಿಳಿವಳಿಕೆಯೂ ಬದಲಾಗಿದೆ. ಹಿಂದೆ ದಿನಗಟ್ಟಲೆ ಮಲಗಿಸುತ್ತಿದ್ದರು. ಈಗ ಒಂದು ದಿನದೊಳಗೆ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಆದರೆ ಒಳಗಿನ ಹೊಲಿಗೆ ಮಾಗಲು ಸುಮಾರು ಆರು ವಾರ ಬೇಕು, ಹೊರಗಿನ ಗಾಯ ಎಷ್ಟೇ ಚಿಕ್ಕದಿರಲಿ. ಭಾರ ಎತ್ತಬೇಡಿ ಎಂಬ ಸಲಹೆ ನಲ್ಲಿಯಿಂದ ಕೊಡ ಹೊತ್ತು ತರುವವಳಿಗೆ ಎಷ್ಟು ದಿನ ನಡೆದೀತು? ಹೆರಿಗೆಗಾದರೆ ತವರಿನಲ್ಲಿ ಬಾಣಂತನ ಉಂಟು, ಇದಕ್ಕೆ ಅಂಥದ್ದಿಲ್ಲ.

ಅಂಡಾಶಯವನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಒಮ್ಮೆಗೇ ಎರಗುತ್ತವೆ: ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ. ಚಿಕ್ಕ ವಯಸ್ಸಿನವರಿಗೆ ಹೃದ್ರೋಗದ ಅಪಾಯವೂ ಹೆಚ್ಚು. ಗರ್ಭಕೊರಳು ಉಳಿದಿದ್ದರೆ ಅದರ ಕ್ಯಾನ್ಸರ್ ತಪಾಸಣೆ ಮುಂದುವರಿಯಬೇಕು. ಆದ್ದರಿಂದ ಏನನ್ನು ತೆಗೆದರು, ಏನು ಉಳಿಯಿತು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಆಕೆ ಓದಬಲ್ಲ ಭಾಷೆಯಲ್ಲೇ ಬರೆಸಿಕೊಳ್ಳಬೇಕು. ಹತ್ತು ವರ್ಷದ ಮೇಲೆ ಮೂಳೆನೋವೆಂದು ಬೇರೆ ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.